ಕಾರಿನ ಹಿಂದೆ ಬೈಕ್ ಟ್ರೇಲರ್: ಬೆಲೆ ಕೇಳುವ ಮುನ್ನ ಭಾರ ಕೇಳಿ

ವಾರಾಂತ್ಯ ಬಂತೆಂದರೆ ಗಲ್ಫ್‌ನಲ್ಲಿರುವ ನಮ್ಮ ಕೆಲವು ಹುಡುಗರಿಗೆ ಮರಳು ಕರೆಯುತ್ತದೆ. ಡರ್ಟ್ ಬೈಕನ್ನು ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗುವಂತಿಲ್ಲ. ಫ್ಲಾಟ್‌ನಿಂದ ಮರುಭೂಮಿಯ ತನಕ ಅದನ್ನು ಯಾವುದಾದರೂ ಗಾಡಿಯಲ್ಲಿ ಹೊತ್ತುಕೊಂಡೇ ಹೋಗಬೇಕು. ಊರಿನಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರ್ತದೆ. ಬೆಂಗಳೂರಿನ ಕೆಲಸ ಬಿಟ್ಟು ಮಂಜೇಶ್ವರಕ್ಕೆ ಮರಳುವವನಿಗೆ ತನ್ನ ಬುಲೆಟ್ ಜೊತೆಗೆ ಬರಬೇಕು. ಉಪ್ಪಳದ ಮನೆಯ ಹಿಂದೆ ಹತ್ತು ವರ್ಷ ನಿಂತ ತಂದೆಯ ಆರ್‌ಎಕ್ಸ್ 100 ಅನ್ನು ಮಂಗಳೂರಿನ ಮೆಕ್ಯಾನಿಕ್ ಹತ್ತಿರ ಸಾಗಿಸಬೇಕು. ಆಗ ಯಾರೋ ಹೇಳ್ತಾರೆ: "ಕಾರು ಉಂಟಲ್ಲ, ಹಿಂದೆ ಒಂದು ಟ್ರೇಲರ್ ಸಿಕ್ಕಿಸಿ, ಮುಗೀತು."

ಅಷ್ಟು ಸುಲಭದಲ್ಲಿ ಮುಗಿಯುವುದಿಲ್ಲ. ಟ್ರೇಲರ್ ಕೊಳ್ಳಲು ಹೊರಟವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಎಷ್ಟು ಬೈಕ್ ಹಿಡಿಸುತ್ತದೆ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಇವೆರಡೂ ಅಲ್ಲ. ನಿಮ್ಮ ಕಾರು ಎಷ್ಟು ಎಳೆಯಬಲ್ಲದು, ಅದರ ಕೊಕ್ಕೆ ಮೇಲೆ ಎಷ್ಟು ಭಾರ ಕೂರಬಹುದು, ಬೈಕ್ ಏರಿಸಿದ ಮೇಲೆ ಆ ಭಾರ ನಿಜವಾಗಿ ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲು ನೋಡಬೇಕು. ಟ್ರೇಲರ್ ಅಪಘಾತ ಆಗುವಾಗ ಬೈಕ್ ಮಾತ್ರ ಹಾಳಾಗುವುದಲ್ಲ. ಮುಂದಿನ ಕಾರಿನಲ್ಲಿ ಹೆಂಡತಿ, ಮಕ್ಕಳು ಇರುತ್ತಾರೆ.

ಊರಿನಲ್ಲಿ: ಮೊದಲು ಕಾನೂನು

ಊರಿನಲ್ಲಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಾದ ಮೇಲೆ ಅನೇಕರಿಗೆ ಟ್ರೇಲರೇ ಬೇಡ ಅನಿಸಬಹುದು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 'ಮೋಟಾರು ವಾಹನ' ಎಂಬ ಪದದ ವ್ಯಾಖ್ಯಾನದೊಳಗೇ ಟ್ರೇಲರ್ ಸೇರಿದೆ. ಇಂಜಿನ್ ಇಲ್ಲದಿದ್ದರೂ ಕಾನೂನಿನ ಕಣ್ಣಿಗೆ ಅದೊಂದು ವಾಹನ. ಹಾಗಾಗಿ 39ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದೆ ಅದು ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. 61ನೇ ಸೆಕ್ಷನ್ ಟ್ರೇಲರ್‌ಗಳಿಗೆಂದೇ ಇರುವುದು. ಟ್ರೇಲರ್‌ನ ನಂಬರು ಎಳೆಯುವ ವಾಹನದ ಬದಿಯಲ್ಲಿ ಕಾಣಬೇಕು, ಎಳೆಯುವ ವಾಹನದ ನಂಬರು ಟ್ರೇಲರ್ ಮೇಲೆ ಕಾಣಬೇಕು ಎಂದು ಅದು ಹೇಳುತ್ತದೆ.

ನೋಂದಣಿಗೆ ಹೋದರೆ ತಯಾರಕರ ಅನುಮೋದನೆ ಪತ್ರ ಕೇಳುತ್ತಾರೆ. ಕುಂಬಳೆಯಲ್ಲೋ ತೊಕ್ಕೊಟ್ಟಿನಲ್ಲೋ ವೆಲ್ಡಿಂಗ್ ಶಾಪಿನವ ಎರಡು ದಿನದಲ್ಲಿ ಚೆಂದದ ಟ್ರೇಲರ್ ಮಾಡಿಕೊಡಬಹುದು. ಅವನ ಕೈಕೆಲಸದಲ್ಲಿ ತಪ್ಪಿಲ್ಲದಿರಬಹುದು, ಆದರೆ ಆ ಪತ್ರ ಅವನು ಕೊಡಲಾರ. ತಲಪಾಡಿ ಗಡಿಯಲ್ಲಿ ತಡೆದು ದಂಡ ಹಾಕಿದರೆ ಅದು ಸಣ್ಣ ತಲೆನೋವು ಅಷ್ಟೇ. ದೊಡ್ಡದು ಬೇರೆ ಉಂಟು. ನೋಂದಣಿ ಇಲ್ಲದ, ಪಾಲಿಸಿಯಲ್ಲಿ ಹೆಸರೇ ಇಲ್ಲದ ಟ್ರೇಲರ್ ಬಿಚ್ಚಿಕೊಂಡು ಹೋಗಿ ಯಾರಿಗಾದರೂ ಹೊಡೆದರೆ ಪರಿಹಾರದ ಹೊಣೆ ನಿಮ್ಮ ತಲೆ ಮೇಲೆ ಬರಬಹುದು. ಮನೆ, ಜಾಗ ಮಾರುವ ಮಟ್ಟದ ಮೊತ್ತ ಆಗಬಹುದು.

ಇನ್ನೊಂದು ತೊಡಕು ಕಾರಿನದ್ದು. ಭಾರತದಲ್ಲಿ ಮಾರುವ ಅನೇಕ ಸಣ್ಣ ಕಾರುಗಳ ಕೈಪಿಡಿಯಲ್ಲಿ ಟ್ರೇಲರ್ ಎಳೆಯುವ ಮಿತಿ ಎಂಬ ಅಂಕಿಯೇ ಇರುವುದಿಲ್ಲ. ಇಲ್ಲ ಎಂದರೆ 'ಎಷ್ಟು ಬೇಕಾದರೂ ಎಳೆಯಬಹುದು' ಅಂತ ಅರ್ಥ ಅಲ್ಲ, ಕಂಪೆನಿ ಆ ಕೆಲಸಕ್ಕೆ ಕಾರು ಮಾಡಿಲ್ಲ ಅಂತ ಅರ್ಥ. ಬಂಪರ್‌ನ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಹಾಕುವ ಕಬ್ಬಿಣದ ಬಳೆ ಇದೆಯಲ್ಲ, ಅದು ಕೆಟ್ಟು ನಿಂತ ಕಾರನ್ನು ಎಳೆಯಲಿಕ್ಕೆ. ಅದಕ್ಕೆ ಟ್ರೇಲರ್ ಕಟ್ಟುವ ಯೋಚನೆ ಕನಸಿನಲ್ಲೂ ಬೇಡ.

ಹಾಗಾದರೆ ಊರಿನಲ್ಲಿ ಒಂದು ಬೈಕ್ ಒಂದು ಸಲ ಸಾಗಿಸಲು ಏನು ಮಾಡೋದು? ನನ್ನ ಅಭಿಪ್ರಾಯ ಕೇಳಿದರೆ ಹತ್ತಿರದ ದಾರಿಗೆ ಪಿಕಪ್ ಬಾಡಿಗೆ, ದೂರದ ದಾರಿಗೆ ರೈಲ್ವೆ ಪಾರ್ಸೆಲ್. ರೈಲಿನಲ್ಲಿ ಹಾಕುವಾಗ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬೇಕು, ಗೋಣಿಯಿಂದ ಗಟ್ಟಿಯಾಗಿ ಪ್ಯಾಕ್ ಮಾಡಿಸಬೇಕು. ರೈಲು ಎರಡು ನಿಮಿಷ ಮಾತ್ರ ನಿಲ್ಲುವ ಸ್ಟೇಷನ್‌ನಲ್ಲಿ ಬೈಕ್ ಹತ್ತಿಸಲು, ಇಳಿಸಲು ಪುರುಸೊತ್ತು ಸಿಗುವುದಿಲ್ಲ. ಆದ್ದರಿಂದ ಮಂಗಳೂರು ಸೆಂಟ್ರಲ್‌ನಂತಹ, ರೈಲು ಹೊರಡುವ ಅಥವಾ ಕೊನೆಗೊಳ್ಳುವ ಕಡೆಯೇ ಒಳ್ಳೆಯದು. ಹಾಂ, ಕೆಎ-19 ಬೈಕ್ ಕಾಸರಗೋಡಿಗೆ ಬಂದು ಇಲ್ಲೇ 12 ತಿಂಗಳು ಮೀರಿ ಉಳಿಯುವುದಾದರೆ ಕೆಎಲ್-14ಕ್ಕೆ ಬದಲಾಯಿಸಬೇಕೆಂಬ ನಿಯಮವೂ ಇದೆ, ಮರೆಯಬೇಡಿ.

ಟ್ರೇಲರ್ ನಿಜವಾಗಿ ಪ್ರಯೋಜನಕ್ಕೆ ಬರುವುದು ಗಲ್ಫ್‌ನಲ್ಲಿ, ಬ್ರಿಟನ್‌ನಲ್ಲಿ ಇರುವವರಿಗೆ, ಮತ್ತೆ ಊರಿನಲ್ಲಿ ದೊಡ್ಡ ಎಸ್‌ಯುವಿ ಇಟ್ಟುಕೊಂಡು ತಿಂಗಳಿಗೆ ಎರಡು ಸಲ ಟ್ರ್ಯಾಕಿಗೋ ಕಾಡು ದಾರಿಗೋ ಹೋಗುವ ಕೆಲವರಿಗೆ. ಮುಂದಿನದ್ದು ಅಂಥವರಿಗಾಗಿ. ನೋಂದಣಿ, ವಿಮೆ, ವೇಗಮಿತಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ನೀವಿರುವಲ್ಲಿನ ಟ್ರಾಫಿಕ್ ಕಚೇರಿಯಲ್ಲಿ ಕೇಳಿಕೊಂಡೇ ಹಣ ಕೊಡಿ.

ಲೆಕ್ಕ ಹಾಕೋಣ

ಬೈಕಿನ ತೂಕ ಬಹಳ ಜನರಿಗೆ ಅಂದಾಜೇ ಇರುವುದಿಲ್ಲ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ತೂಕ 195 ಕೆಜಿ. ಹಳೇ ಆರ್‌ಎಕ್ಸ್ 100 ನೂರು ಕೆಜಿಯ ಆಸುಪಾಸು. 450 ಸಿಸಿಯ ಡರ್ಟ್ ಬೈಕ್ ನೋಡಲು ಎತ್ತರ, ತೂಕ ಮಾತ್ರ ಸುಮಾರು 110 ಕೆಜಿ. ಹೋಂಡಾ ಗೋಲ್ಡ್ ವಿಂಗ್‌ನಂಥದ್ದು 350 ಕೆಜಿ ದಾಟುತ್ತದೆ. ಇದಕ್ಕೆ ಟ್ರೇಲರ್‌ನ ಸ್ವಂತ ತೂಕ ಸೇರಿಸಬೇಕು. ಒಂದು ಬೈಕಿನ ಸಾಧಾರಣ ಟ್ರೇಲರ್ 150 ಕೆಜಿ ಅಂದುಕೊಳ್ಳೋಣ. ರ‍್ಯಾಂಪ್, ಸ್ಟೆಪ್ನಿ, ಪೆಟ್ರೋಲ್ ಕ್ಯಾನ್, ಟೂಲ್ ಬಾಕ್ಸ್, ಹೆಲ್ಮೆಟ್, ನೀರು ಎಲ್ಲ ಸೇರಿ ಇನ್ನೊಂದು 40 ಕೆಜಿ. ಕ್ಲಾಸಿಕ್ ಏರಿಸಿದರೆ ಒಟ್ಟು 385 ಕೆಜಿ ಆಯ್ತು. ಎರಡು ಡರ್ಟ್ ಬೈಕ್ ಆದರೆ 220, ಸ್ವಲ್ಪ ದೊಡ್ಡ ಟ್ರೇಲರ್ 200, ಸಾಮಾನು 60, ಒಟ್ಟು 480.

ಈಗ ಕಾರಿನ ಕೈಪಿಡಿ ತೆಗೆಯಿರಿ. ಅದರಲ್ಲಿ ಎಳೆಯುವ ಮಿತಿ ಎರಡು ತರ ಇರುತ್ತದೆ: ಬ್ರೇಕ್ ಇರುವ ಟ್ರೇಲರ್‌ಗೆ ಒಂದು, ಬ್ರೇಕ್ ಇಲ್ಲದ್ದಕ್ಕೆ ಇನ್ನೊಂದು. ಎರಡನೆಯದು ಯಾವಾಗಲೂ ಕಡಿಮೆ. ಮಾರುವವ ಹೇಳುವುದು ಮೊದಲನೆಯದನ್ನು, ನೀವು ಕೊಳ್ಳುವ ಸಣ್ಣ ಬೈಕ್ ಟ್ರೇಲರ್‌ಗೆ ಅನ್ವಯಿಸುವುದು ಹೆಚ್ಚಾಗಿ ಎರಡನೆಯದು. ಬ್ರಿಟನ್‌ನಲ್ಲಿ ಬ್ರೇಕ್ ಇಲ್ಲದ ಟ್ರೇಲರ್‌ನ ಒಟ್ಟು ಭಾರ 750 ಕೆಜಿ ಅಥವಾ ಕಾರಿನ ಖಾಲಿ ತೂಕದ ಅರ್ಧ, ಯಾವುದು ಕಡಿಮೆಯೋ ಅದನ್ನು ಮೀರಬಾರದು. ಈ ಅರ್ಧದ ಲೆಕ್ಕ ಎಲ್ಲಿದ್ದವರಿಗೂ ಒಳ್ಳೆಯ ಅಳತೆಗೋಲು. 1,100 ಕೆಜಿಯ ಕಾರಿಗೆ 550 ಬರ್ತದೆ. ಎರಡು ಡರ್ಟ್ ಬೈಕ್ ಕೂಡ ಅದರೊಳಗೆ ಬಂತು, ಆದರೆ ಕೈಪಿಡಿ ಅದಕ್ಕಿಂತ ಕಡಿಮೆ ಹೇಳಿದ್ದರೆ ಕೈಪಿಡಿಯ ಮಾತೇ ಕೊನೆ.

ಮೂಗಿನ ಭಾರ

ಇಲ್ಲಿ ಸ್ವಲ್ಪ ನಿಲ್ಲಬೇಕು, ಇಡೀ ವಿಷಯದ ಜೀವ ಇರುವುದೇ ಇಲ್ಲಿ. ಟ್ರೇಲರ್‌ನ ಮುಂದಿನ ತುದಿ ಕಾರಿನ ಕೊಕ್ಕೆಯ ಚೆಂಡಿನ ಮೇಲೆ ಎಷ್ಟು ಒತ್ತುತ್ತದೋ ಅದನ್ನು ಬ್ರಿಟನ್‌ನವರು ನೋಸ್ ವೇಟ್, ಅಮೆರಿಕದವರು ಟಂಗ್ ವೇಟ್ ಅಂತಾರೆ. ನಾವು ಮೂಗಿನ ಭಾರ ಅನ್ನೋಣ.

ಈ ಭಾರ ಕಡಿಮೆಯಾಗಿ ಹಿಂಭಾರ ಜಾಸ್ತಿಯಾದರೆ ಟ್ರೇಲರ್ ಹಾವಿನ ಹಾಗೆ ಅತ್ತಿತ್ತ ಆಡಲು ಶುರು ಮಾಡುತ್ತದೆ. ನಿಧಾನದಲ್ಲಿ ಗೊತ್ತೇ ಆಗುವುದಿಲ್ಲ. 60ರಲ್ಲಿ ಸರಿ ಇರುತ್ತದೆ, 70ರಲ್ಲೂ ಸರಿ ಇರುತ್ತದೆ. ಒಂದು ವೇಗ ದಾಟಿದ ಕೂಡಲೇ ಪಕ್ಕದಲ್ಲಿ ಲಾರಿಯೊಂದು ಹಾದುಹೋದ ಗಾಳಿಯೋ, ರಸ್ತೆಯ ಒಂದು ಉಬ್ಬೋ ಸಾಕು. ಸಣ್ಣ ಆಟ ತಾನಾಗಿ ನಿಲ್ಲುವ ಬದಲು ಪ್ರತಿ ಸಲ ದೊಡ್ಡದಾಗುತ್ತಾ ಹೋಗುತ್ತದೆ, ಕೆಲವೇ ಸೆಕೆಂಡಿನಲ್ಲಿ ಕಾರನ್ನೇ ಅಡ್ಡ ತಿರುಗಿಸುತ್ತದೆ. ಹಿಂಭಾರ ಹೆಚ್ಚಿದಷ್ಟೂ ಇದು ಶುರುವಾಗುವ ವೇಗ ಕೆಳಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಅಪಾಯ ಇನ್ನೂ ಹೆಚ್ಚು, ಟ್ರೇಲರ್ ಹಿಂದಿನಿಂದ ತಳ್ಳುತ್ತಿರುತ್ತದೆ.

ಅಮೆರಿಕದ ವಾಡಿಕೆ ಲೆಕ್ಕದಲ್ಲಿ ಮೂಗಿನ ಭಾರ ತುಂಬಿದ ಟ್ರೇಲರ್‌ನ 10ರಿಂದ 15 ಶೇಕಡ ಇರಬೇಕು. ಯುರೋಪಿನಲ್ಲಿ 5ರಿಂದ 7 ಶೇಕಡ ಸಾಕು ಅನ್ನುತ್ತಾರೆ, ಅಲ್ಲಿನ ಕಾರುಗಳ ಕೊಕ್ಕೆ ಹೊರುವ ಮಿತಿಯೂ ಕಡಿಮೆ, ವೇಗಮಿತಿಯೂ ಕಡಿಮೆ. ನಮ್ಮ 385 ಕೆಜಿ ಉದಾಹರಣೆಗೆ 10 ಶೇಕಡ ಅಂದರೆ ಹೆಚ್ಚುಕಡಿಮೆ 38 ಕೆಜಿ, 15 ಶೇಕಡ ಅಂದರೆ 58. ಸಣ್ಣ ಕಾರಿನ ಕೊಕ್ಕೆಗೆ ಕೈಪಿಡಿಯಲ್ಲಿ 50 ಕೆಜಿ ಮಾತ್ರ ಕೊಟ್ಟಿದ್ದರೆ ನೀವು 40ರ ಆಸುಪಾಸಿನಲ್ಲಿ ನಿಲ್ಲಿಸಬೇಕು. ಮಿತಿ ಮೀರಿದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರವಾಗುತ್ತದೆ, ಸ್ಟೀರಿಂಗೂ ಬ್ರೇಕೂ ಸಡಿಲವಾದ ಹಾಗೆ ಅನಿಸ್ತದೆ. ಒಂದು ಮಾತು ನೆನಪಿರಲಿ: ಈ 40 ಕೆಜಿಯನ್ನು ಹೊರುವುದು ಕಾರು. ಡಿಕ್ಕಿಯಲ್ಲಿ ಅಷ್ಟು ಸಾಮಾನು ಇಟ್ಟ ಹಾಗೇ ಲೆಕ್ಕ. ಐದು ಜನ ಕೂತು ಡಿಕ್ಕಿ ತುಂಬಿಸಿದ ಕಾರಿಗೆ ಇದು ಮೇಲಿಂದ ಬರುವ ಭಾರ.

ಇದನ್ನು ಅಳೆಯಲು ದೊಡ್ಡ ಯಂತ್ರ ಬೇಡ, ಮನೆಯಲ್ಲಿ ತೂಕ ನೋಡುವ ಬಾತ್‌ರೂಮ್ ಸ್ಕೇಲ್ ಸಾಕು. ಬೈಕ್ ಏರಿಸಿ ಕಟ್ಟಿದ ಮೇಲೆ, ಟ್ರೇಲರ್ ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಸ್ಕೇಲ್ ಮೇಲೆ ಒಂದು ಗಟ್ಟಿ ಮರದ ತುಂಡು ನಿಲ್ಲಿಸಿ ಅದರ ಮೇಲೆ ಟ್ರೇಲರ್‌ನ ಮೂಗು ಕೂರಿಸಿ. ಕಾರಿಗೆ ಸಿಕ್ಕಿಸಿದಾಗ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರದಲ್ಲಿ, ಟ್ರೇಲರ್ ಮಟ್ಟವಾಗಿ ಇರಬೇಕು. ಸ್ಕೇಲ್ ತೋರಿಸುವುದೇ ಮೂಗಿನ ಭಾರ.

ಕಡಿಮೆ ಬಂದರೆ ಬೈಕನ್ನು ಮುಂದೆ ಸರಿಸಬೇಕು, ಜಾಸ್ತಿ ಬಂದರೆ ಹಿಂದೆ. ಎಷ್ಟು ಸರಿಸಿದರೆ ಎಷ್ಟು ಬದಲಾಗುತ್ತದೆ ಗೊತ್ತುಂಟಾ? ಕೊಕ್ಕೆಯಿಂದ ಆಕ್ಸಲ್‌ಗೆ 2.2 ಮೀಟರ್ ಇದೆ ಅಂದುಕೊಳ್ಳಿ. 195 ಕೆಜಿಯ ಬೈಕನ್ನು 20 ಸೆಂಟಿಮೀಟರ್, ಅಂದರೆ ಒಂದು ಗೇಣಿನಷ್ಟು ಮುಂದೆ ತಂದರೆ ಮೂಗಿನ ಭಾರ ಸುಮಾರು 18 ಕೆಜಿ ಏರುತ್ತದೆ. ಒಂದು ಗೇಣಿನ ವ್ಯತ್ಯಾಸದಲ್ಲಿ 38 ಕೆಜಿ ಇದ್ದದ್ದು 20ಕ್ಕೆ ಇಳಿಯಬಹುದು! ಅದಕ್ಕೇ ಟ್ರೇಲರ್ ಆರಿಸುವಾಗ ಮುಂದಿನ ಚಕ್ರ ಹಿಡಿಯುವ ಚೌಕಟ್ಟನ್ನು ಹಿಂದೆ ಮುಂದೆ ಸರಿಸಿ ಬೋಲ್ಟ್ ಹಾಕುವ ವ್ಯವಸ್ಥೆ ಇದೆಯೋ ಎಂದು ಮೊದಲು ನೋಡಿ. ಒಂದೇ ಜಾಗದಲ್ಲಿ ವೆಲ್ಡ್ ಮಾಡಿಟ್ಟದ್ದಾದರೆ ಅದು ಯಾವುದೋ ಬೇರೆ ಬೈಕಿನ ಅಳತೆಗೆ ಮಾಡಿದ್ದು, ನಿಮ್ಮದಕ್ಕೆ ಸರಿಹೋದರೆ ಅದೃಷ್ಟ. ಪೆಟ್ರೋಲ್ ಕ್ಯಾನ್, ಸ್ಟೆಪ್ನಿ ಟ್ರೇಲರ್‌ನ ಹಿಂದಿನ ತುದಿಗೆ ಕಟ್ಟುವ ಅಭ್ಯಾಸವೂ ಬೇಡ.

ಆಟ ಶುರುವಾಗಿಯೇ ಬಿಟ್ಟರೆ? ಜೋರಾಗಿ ಕಾರಿನ ಬ್ರೇಕ್ ಒತ್ತಬೇಡಿ, ವೇಗ ಹೆಚ್ಚಿಸಿ ಎಳೆದು ಸರಿಮಾಡಲೂ ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲ ತೆಗೆದು, ಸ್ಟೀರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಿ. ಸ್ಟೀರಿಂಗನ್ನು ಅತ್ತಿತ್ತ ತಿರುಗಿಸಿ ಸರಿಪಡಿಸಲು ಹೋದವರೇ ಹೆಚ್ಚು ಕೆಡಿಸುವುದು. ನಿಂತ ಮೇಲೆ ಹಾಗೇ ಮುಂದೆ ಹೋಗಬೇಡಿ, ಬೈಕ್ ಇರುವ ಜಾಗ ಬದಲಿಸಿ.

ಚೆಂಡು ಮತ್ತು ಪ್ಲಗ್

ಗಲ್ಫ್‌ನಲ್ಲಿ ಅಮೆರಿಕನ್ ಗಾಡಿಯೂ ಉಂಟು, ಜಪಾನಿ, ಯುರೋಪಿನದ್ದೂ ಉಂಟು. ಇದರಿಂದ ಒಂದು ಸಣ್ಣ ಆದರೆ ಕೆಟ್ಟ ಗೊಂದಲ. ಯುರೋಪಿನ ಟೋ ಬಾಲ್ 50 ಮಿಲಿಮೀಟರ್. ಅಮೆರಿಕದ್ದು 2 ಇಂಚು, ಅಂದರೆ 50.8 ಮಿಲಿಮೀಟರ್, ಸಣ್ಣ ಟ್ರೇಲರ್‌ಗಳಿಗೆ ಒಂದು ಮುಕ್ಕಾಲಿಗಿಂತ ಸ್ವಲ್ಪ ದೊಡ್ಡ, ಒಂದು ಇಂಚು ಮತ್ತು ಎಂಟನೇ ಏಳು ಭಾಗದ ಚೆಂಡೂ ಇದೆ. 50 ಮತ್ತು 50.8 ಕಣ್ಣಿಗೆ ಒಂದೇ. ಎರಡಿಂಚಿನ ಕಪ್ಲರ್ 50 ಮಿಲಿಮೀಟರ್ ಚೆಂಡಿನ ಮೇಲೆ ಕೂರುತ್ತದೆ, ಲಾಕ್ ಕೂಡ ಆಗ್ತದೆ, ಒಳಗೆ ಸಡಿಲ ಇರುತ್ತದೆ. ದೊಡ್ಡ ಹೊಂಡಕ್ಕೆ ಬಿದ್ದಾಗ ಹಾರಿಹೋಗುವ ಸಂಭವ ಇದೆ. ಚೆಂಡಿನ ಮೇಲೆಯೂ ಕಪ್ಲರ್ ಮೇಲೆಯೂ ಅಳತೆ ಕೊರೆದಿರುತ್ತದೆ, ಎರಡೂ ಒಂದೇ ಇರಬೇಕು. ಹೋಗಲಿ ಅಂತ ಬಿಡುವ ವಿಷಯ ಇದಲ್ಲ. ಲಾಕ್ ಹಾಕಿದ ಮೇಲೆ ಟ್ರೇಲರ್‌ನ ಮೂಗನ್ನು ಜಾಕ್‌ನಿಂದ ಸ್ವಲ್ಪ ಎತ್ತಿ ನೋಡಿ. ಕಾರಿನ ಹಿಂಭಾಗವೂ ಜೊತೆಗೆ ಏಳಬೇಕು. ಸುರಕ್ಷಾ ಸರಪಳಿ ಎರಡು ಇರಲಿ, ಕಪ್ಲರ್‌ನ ಅಡಿಯಲ್ಲಿ ಒಂದಕ್ಕೊಂದು ಅಡ್ಡ ಹಾಕಿ. ಕಪ್ಲರ್ ಬಿಚ್ಚಿದರೂ ಮೂಗು ರಸ್ತೆಗೆ ಬೀಳದೆ ಆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ.

ಲೈಟಿನ ಪ್ಲಗ್ ಕೂಡ ಬೇರೆ ಬೇರೆ. ಯುರೋಪಿನಲ್ಲಿ 7 ಪಿನ್, 13 ಪಿನ್, ಅಮೆರಿಕದ ಸಣ್ಣ ಟ್ರೇಲರ್‌ಗೆ ಚಪ್ಪಟೆ 4 ಪಿನ್. ಅಡಾಪ್ಟರ್ ಸಿಗುತ್ತದೆ. ಹೊಸ ಕಾರುಗಳಲ್ಲಿ ಹಿಂದಿನ ಲೈಟಿನ ವೈರ್ ಕೊಯ್ದು ನೇರ ಜೋಡಿಸಬೇಡಿ, ಕಾರಿನ ಕಂಪ್ಯೂಟರ್ ಗೊಂದಲಕ್ಕೆ ಬೀಳುತ್ತದೆ. ಟ್ರೇಲರ್‌ಗೆಂದೇ ಇರುವ ಮಾಡ್ಯೂಲ್ ಹಾಕಿಸಿ.

ಬ್ರೇಕ್ ಬೇಕಾ?

ಒಂದು ಬೈಕ್, ಸಮತಟ್ಟು ರಸ್ತೆ, ಭಾರದ ಎಸ್‌ಯುವಿ ಆದರೆ ಬೇಕಾಗ್ಲಿಕ್ಕಿಲ್ಲ. ಎರಡು ದೊಡ್ಡ ಬೈಕ್ ಅಥವಾ ಗುಡ್ಡದ ದಾರಿ ಆದರೆ ನಾನು ಬ್ರೇಕ್ ಇರುವುದನ್ನೇ ಹೇಳುತ್ತೇನೆ. ಸಂಪಾಜೆ ಘಾಟಿಯನ್ನೋ ಚಾರ್ಮಾಡಿಯನ್ನೋ ಇಳಿಯುವುದನ್ನು ಊಹಿಸಿ. ಬ್ರೇಕ್ ಇಲ್ಲದ 480 ಕೆಜಿ ಹಿಂದಿನಿಂದ ತಳ್ಳುತ್ತಿರುವಾಗ ಎಲ್ಲ ಕೆಲಸ ಕಾರಿನ ನಾಲ್ಕು ಬ್ರೇಕೇ ಮಾಡಬೇಕು. ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುವುದು ಇಂಥಲ್ಲಿಯೇ. ಸೌದಿಯ ತಾಯಿಫ್ ಕಡೆಯ ಗುಡ್ಡದ ರಸ್ತೆಗಳಿಗೂ ಇದೇ ಮಾತು. ಬ್ರೇಕ್ ಇರಲಿ, ಇಲ್ಲದಿರಲಿ, ಇಳಿಯುವಾಗ ಕೆಳಗಿನ ಗೇರು ಹಾಕಿ ಇಂಜಿನ್‌ನಿಂದಲೇ ವೇಗ ಹಿಡಿಯಬೇಕು.

ಸಣ್ಣ ಟ್ರೇಲರ್‌ಗಳಲ್ಲಿ ಸಾಮಾನ್ಯವಾದದ್ದು ಓವರ್‌ರನ್ ಬ್ರೇಕ್. ಕಾರು ನಿಧಾನವಾದಾಗ ಟ್ರೇಲರ್ ಮುಂದೆ ತಳ್ಳುತ್ತದಲ್ಲ, ಆ ತಳ್ಳುವ ಬಲವೇ ಒಂದು ರಾಡ್ ಅಥವಾ ಆಯಿಲ್ ಮೂಲಕ ಅದರ ಚಕ್ರದ ಬ್ರೇಕನ್ನು ಒತ್ತುತ್ತದೆ. ಕಾರಿನಲ್ಲಿ ಬೇರೇನೂ ಜೋಡಿಸಬೇಕಾಗಿಲ್ಲ. ಅಮೆರಿಕದ ಎಲೆಕ್ಟ್ರಿಕ್ ಬ್ರೇಕಿಗೆ ಕಾರಿನೊಳಗೆ ಕಂಟ್ರೋಲರ್ ಬೇಕಾಗ್ತದೆ.

ಯಾವ ತರದ್ದು?

ಒಂದೇ ಬೈಕ್ ಇರುವವರಿಗೆ ಒಂದು ಉದ್ದ ಚಾನೆಲ್ ಇರುವ ರೈಲ್ ಟ್ರೇಲರ್ ಹಗುರ, ಅಗ್ಗ. ಮೂರು ಚಾನೆಲ್ ಇದ್ದರೆ ಒಂದು ಬೈಕನ್ನು ನಡುವಿನಲ್ಲಿ, ಎರಡನ್ನು ಅಕ್ಕಪಕ್ಕದಲ್ಲಿ ಇಡಬಹುದು. ಎರಡು ಚಾನೆಲ್ ಮಾತ್ರ ಇರುವುದರಲ್ಲಿ ಒಂದೇ ಬೈಕ್ ಇಟ್ಟರೆ ಭಾರ ಒಂದು ಚಕ್ರದ ಕಡೆ ವಾಲುತ್ತದೆ, ಅದನ್ನು ನಾನು ಇಷ್ಟಪಡುವುದಿಲ್ಲ. ಹಾಸು ಹಲಗೆಯ ಫ್ಲಾಟ್‌ಬೆಡ್ ಭಾರ ಸ್ವಲ್ಪ ಹೆಚ್ಚಾದರೂ ಮನೆ ಸಾಮಾನು, ಜನರೇಟರ್ ಎಲ್ಲಕ್ಕೂ ಆಗ್ತದೆ, ಮರುಮಾರಾಟವೂ ಸುಲಭ. ಫ್ಲಾಟ್‌ನಲ್ಲಿ ಪಾರ್ಕಿಂಗ್ ಒಂದೇ ಇರುವವರಿಗೆ ಮಡಚಿ ಗೋಡೆಗೆ ನಿಲ್ಲಿಸುವ ತರದ್ದು ಸರಿ. ಆದರೆ ಮಡಚುವ ಕೀಲಿನ ಪಿನ್ನುಗಳನ್ನು ಪ್ರತಿ ಸಲ ನೋಡ್ಕೊಳ್ಳಬೇಕು.

ನಡುವಯಸ್ಸು ದಾಟಿದವರು, ಒಬ್ಬರೇ ಏರಿಸುವವರು ಹಾಸು ನೆಲಕ್ಕೆ ಇಳಿಯುವ ಟ್ರೇಲರ್‌ಗೆ ಹೆಚ್ಚು ಹಣ ಕೊಟ್ಟರೆ ತಪ್ಪಿಲ್ಲ. ಟ್ರೇಲರ್‌ನ ಎತ್ತರ 50 ಸೆಂಟಿಮೀಟರ್, ರ‍್ಯಾಂಪ್ ಒಂದೂವರೆ ಮೀಟರ್ ಇದ್ದರೆ ಏರು ಸುಮಾರು 19 ಡಿಗ್ರಿ. ಎರಡು ಮೀಟರ್ ರ‍್ಯಾಂಪ್ ಆದರೆ 14 ಡಿಗ್ರಿಯ ಆಸುಪಾಸು. 195 ಕೆಜಿಯ ಬೈಕ್ ತಳ್ಳುವಾಗ ಈ ಐದು ಡಿಗ್ರಿಯ ವ್ಯತ್ಯಾಸ ಸೊಂಟಕ್ಕೆ ಗೊತ್ತಾಗ್ತದೆ. ರ‍್ಯಾಂಪನ್ನು ಟ್ರೇಲರ್‌ಗೆ ಸ್ಟ್ರ್ಯಾಪ್‌ನಿಂದ ಕಟ್ಟಿಯೇ ಏರಿಸಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಏರುವ ಹೊತ್ತಿಗೆ ರ‍್ಯಾಂಪ್ ಜಾರುತ್ತದೆ. ಕಾರಿಗೆ ಸಿಕ್ಕಿಸದೆ ಬೈಕ್ ಏರಿಸಲೇಬಾರದು, ಟ್ರೇಲರ್ ತಕ್ಕಡಿಯ ಹಾಗೆ ಹಿಂದಕ್ಕೆ ಮಗುಚುತ್ತದೆ. ಬೈಕ್ ಮೇಲೆ ಕೂತು ಓಡಿಸಿಕೊಂಡು ಏರುವುದು ವೀಡಿಯೋದಲ್ಲಿ ಚೆಂದ. ಕಾಲು ಇಡಲು ಪಕ್ಕದಲ್ಲಿ ನೆಲ ಇಲ್ಲ ಅನ್ನುವುದು ಏರಿದ ಮೇಲೆ ನೆನಪಾಗುವುದು.

ಮುಂದಿನ ಚಕ್ರ ಮಾತ್ರ ಎತ್ತಿ ಹಿಂದಿನ ಚಕ್ರ ರಸ್ತೆಯಲ್ಲೇ ಉರುಳುವ ಡಾಲಿ, ಚಕ್ರವೇ ಇಲ್ಲದೆ ಕೊಕ್ಕೆಗೆ ನೇತುಹಾಕುವ ಕ್ಯಾರಿಯರ್ ಅಂತ ಇನ್ನೆರಡು ಸಿಗ್ತವೆ. ಕ್ಯಾರಿಯರ್‌ನಲ್ಲಿ ಬೈಕಿನ ಪೂರ್ತಿ ತೂಕ ಮೂಗಿನ ಭಾರವೇ ಆಗುವುದರಿಂದ ಸಾಧಾರಣ ಕಾರಿಗೆ ಅದು ಆಗ್ಲಿಕ್ಕಿಲ್ಲ. ಡಾಲಿಯಲ್ಲಿ ಬೈಕಿನ ಚೈನು, ಹಿಂದಿನ ಟಯರು ದಾರಿಯುದ್ದಕ್ಕೂ ಸವೆಯುತ್ತವೆ.

ಟಯರು, ಬೇರಿಂಗು, ತುಕ್ಕು

ಅಗ್ಗದ ಟ್ರೇಲರ್ ಹಣ ಉಳಿಸುವುದು ಚಕ್ರದಲ್ಲಿ. 8 ಇಂಚು ರಿಮ್‌ನ ಸಣ್ಣ ಚಕ್ರ ಗಂಟೆಗೆ 80 ಕಿಮೀ ವೇಗದಲ್ಲಿ ನಿಮಿಷಕ್ಕೆ ಸಾವಿರದಷ್ಟು ಸಲ ಸುತ್ತುತ್ತದೆ, ಅದೇ ಹೊತ್ತಿಗೆ ಕಾರಿನ ಚಕ್ರ 700ರ ಒಳಗೆ. ಹಾಗಾಗಿ ಬೇರಿಂಗ್ ಬೇಗ ಕಾಯುತ್ತದೆ, ಟಯರೂ ಬೇಗ ಕಾಯುತ್ತದೆ. ಬೇಸಿಗೆಯ ಮಧ್ಯಾಹ್ನ ಗಲ್ಫ್‌ನ ಡಾಂಬರು 60 ಡಿಗ್ರಿ ದಾಟುವಲ್ಲಿ 12 ಅಥವಾ 13 ಇಂಚಿನ ರಿಮ್ಮೇ ಒಳ್ಳೆಯದು. ಟಯರಿನ ಬದಿಯಲ್ಲಿ ಭಾರದ ಸಂಖ್ಯೆ, ವೇಗದ ಅಕ್ಷರ ಇರುತ್ತದೆ. 84 ಅಂದರೆ ಒಂದು ಟಯರ್ 500 ಕೆಜಿ ಹೊರಬಹುದು. ಅಕ್ಷರ ಜೆ ಇದ್ದರೆ ಗಂಟೆಗೆ 100 ಕಿಮೀ, ಎಲ್ ಇದ್ದರೆ 120, ಎನ್ ಇದ್ದರೆ 140. ಅಲ್ಲಿನ ಹೆದ್ದಾರಿಯಲ್ಲಿ ಎಲ್ಲರೂ 120ರಲ್ಲಿ ಹೋಗ್ತಾರೆ ಅಂತ ಜೆ ಟಯರಿನ ಟ್ರೇಲರನ್ನು ಅವರ ಹಿಂದೆ ಓಡಿಸಬೇಡಿ. ಬ್ರಿಟನ್‌ನ ಮೋಟಾರ್‌ವೇಯಲ್ಲೂ ಟ್ರೇಲರ್ ಕಟ್ಟಿದ ಕಾರಿಗೆ ಗಂಟೆಗೆ 60 ಮೈಲಿ, ಸುಮಾರು 97 ಕಿಮೀ ಮಿತಿ.

ಟಯರಿನ ಮೇಲಿನ ನಾಲ್ಕು ಅಂಕಿಯನ್ನೂ ಓದಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟ್ರೇಲರ್ ಟಯರಿನ ಹಲ್ಲು ಸವೆಯುವುದು ಕಡಿಮೆ, ಬಿಸಿಲಿಗೆ ನಿಂತೇ ಬಿರುಕು ಬಿಡುವುದು ಜಾಸ್ತಿ. ಬಳಸಿದ ಟ್ರೇಲರ್ ಕೊಳ್ಳುವಾಗ ಹೊಳೆಯುವ ಪೇಂಟ್ ನೋಡಿ ಮರುಳಾಗದೆ ಒಂದೊಂದು ಚಕ್ರವನ್ನೂ ಎತ್ತಿ ತಿರುಗಿಸಿ. ಗರಗರ ಶಬ್ದ ಬಂದರೆ, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ಹೋಗಿದೆ. ಮರಳಿಗೆ ಹೋಗುವ ಗಾಡಿಯಾದರೆ ಬೇರಿಂಗ್ ಬಿಚ್ಚಿ ಹೊಸ ಗ್ರೀಸ್ ತುಂಬುವುದು ಆಗಾಗ ಬೀಳುವ ಖರ್ಚು. ಮೂಗಿನ ಉದ್ದದ ಕೊಳವೆ ಚೌಕಟ್ಟಿಗೆ ಸೇರುವ ಜಾಗದ ವೆಲ್ಡ್‌ನಲ್ಲಿ ಬಿರುಕು ಉಂಟೋ ಎಂದು ಟಾರ್ಚ್ ಹಾಕಿ ನೋಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೂ ಗಲ್ಫ್‌ನದ್ದಕ್ಕೂ ಬಣ್ಣ ಬಳಿದ ಕಬ್ಬಿಣಕ್ಕಿಂತ ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಗ್ಯಾಲ್ವನೈಸ್ಡ್ ಚೌಕಟ್ಟು ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ.

ಕಟ್ಟುವುದು

ಸ್ಟ್ರ್ಯಾಪ್ ಹಾಕುವ ಕೊಂಡಿಗಳು ಚೌಕಟ್ಟಿನಲ್ಲೇ ಇವೆಯೋ, ಹಲಗೆಗೆ ಸ್ಕ್ರೂ ಹಾಕಿದ್ದಾರೋ ಎಂದು ಕೊಳ್ಳುವಾಗಲೇ ನೋಡಿ. ನಾಲ್ಕು ಮೂಲೆಗೂ ರ‍್ಯಾಚೆಟ್ ಸ್ಟ್ರ್ಯಾಪ್, ಮುಂದಿನ ಎರಡು ಬೈಕಿನಿಂದ ಹೊರಕ್ಕೂ ಮುಂದಕ್ಕೂ ಸುಮಾರು 45 ಡಿಗ್ರಿ ಇಳಿಯುವ ಹಾಗೆ. ಹ್ಯಾಂಡಲ್ ತುದಿಗೆ ಕಟ್ಟಬೇಡಿ. ಫೋರ್ಕ್ ಸೇರುವ ಕೆಳಗಿನ ಗಟ್ಟಿ ಭಾಗಕ್ಕೆ ಬಟ್ಟೆಯ ಸಾಫ್ಟ್ ಲೂಪ್ ಸುತ್ತಿ ಅದರಲ್ಲಿ ಕೊಕ್ಕೆ ಹಾಕಿ. ಮುಂದಿನ ಸಸ್ಪೆನ್ಷನ್ ಅರ್ಧದಷ್ಟು ಕುಗ್ಗುವ ತನಕ ಬಿಗಿದರೆ ಸಾಕು. ಪೂರ್ತಿ ಕುಗ್ಗಿಸಿದರೆ ಫೋರ್ಕ್ ಸೀಲ್ ಹೋಗಬಹುದು, ಸಡಿಲ ಬಿಟ್ಟರೆ ಹೊಂಡಕ್ಕೆ ಬಿದ್ದಾಗ ಕೊಕ್ಕೆ ಕಳಚುತ್ತದೆ. ಬೈಕನ್ನು ಸೈಡ್ ಸ್ಟ್ಯಾಂಡ್ ಮೇಲೆ ಒರಗಿಸಿ ಕಟ್ಟಬಾರದು, ನೆಟ್ಟಗೆ ನಿಲ್ಲಿಸಿಯೇ ಕಟ್ಟಬೇಕು. ಫಸ್ಟ್ ಗೇರ್‌ನಲ್ಲಿ ಇಡಿ, ಕಾರ್ಬುರೇಟರ್ ಇರುವ ಹಳೇ ಬೈಕಾದರೆ ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ. ತೆಂಗಿನ ಹಗ್ಗ, ನೈಲಾನ್ ಹಗ್ಗ ನಂಬಬೇಡಿ ಮಾರಾಯ್ರೆ, ಮಳೆಗೆ ಒಂದು ಬಿಗಿಯುತ್ತದೆ, ಇನ್ನೊಂದು ಹಿಗ್ಗುತ್ತದೆ.

ಹೊರಟು ಹತ್ತು ಹದಿನೈದು ಕಿಲೋಮೀಟರ್‌ಗೆ ಒಮ್ಮೆ ನಿಲ್ಲಿಸಿ. ಸ್ಟ್ರ್ಯಾಪ್ ಅಷ್ಟರಲ್ಲಿ ಸ್ವಲ್ಪ ಸಡಿಲವಾಗಿಯೇ ಇರುತ್ತದೆ, ಮತ್ತೆ ಬಿಗಿಯಿರಿ. ಅದೇ ಹೊತ್ತಿಗೆ ಚಕ್ರದ ನಡುವಿನ ಹಬ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಿಕ್ಕೇ ಆಗದಷ್ಟು ಬಿಸಿ ಇದ್ದರೆ ಪ್ರಯಾಣ ಅಲ್ಲಿಗೇ ನಿಲ್ಲಿಸಬೇಕು.

ಮೊದಲ ಸಲ ತಗೊಂಡವರು ಬೈಕ್ ಏರಿಸುವ ಮುಂಚೆ ಶುಕ್ರವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗ ಹುಡುಕಿ ಒಂದು ಗಂಟೆ ಬರೀ ಹಿಂದಕ್ಕೆ ಓಡಿಸುವುದನ್ನೇ ಕಲಿಯಿರಿ. ಟ್ರೇಲರ್ ಗಿಡ್ಡವಾದಷ್ಟೂ ಹಿಂದೆ ತರುವುದು ಕಷ್ಟ, ಕಣ್ಣು ಮುಚ್ಚಿ ಬಿಡುವುದರೊಳಗೆ ಅಡ್ಡ ಮಡಚಿಕೊಳ್ಳುತ್ತದೆ. ಸ್ಟೀರಿಂಗ್‌ನ ಕೆಳಗಿನ ಅಂಚನ್ನು ಹಿಡಿದು, ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈಯನ್ನು ಮೆಲ್ಲ ಸರಿಸಿ. ಮಡಚಿಕೊಂಡಿತು ಅನಿಸಿದರೆ ಹಿಂದೆಯೇ ಸರಿಪಡಿಸಲು ಹೋಗದೆ ಸ್ವಲ್ಪ ಮುಂದೆ ಬಂದು, ನೇರ ಮಾಡಿ, ಮತ್ತೆ ಶುರು ಮಾಡಿ.